ಬಂಗಾರ ಏರಿದರೆ ಅಡಿಕೆಯೂ ಏರಲೇಬೇಕಾ? ಎರಡು ಗೆರೆ ಜೊತೆಗೆ ಹೋದ ಮಾತ್ರಕ್ಕೆ ನಂಟಿದೆ ಎನ್ನಲಾಗದು

ಈ ಸಲ ಚಾಲಿ ಸುಲಿದು ಮುಗಿಯುವ ಹೊತ್ತಿಗೆ ಶಿರಸಿ ಸೀಮೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಚಿತ್ರ ಓಡಾಡಿತು. ಹಳದಿ ಗೆರೆ ಬಂಗಾರದ ದರ, ಕೆಂಪು ಗೆರೆ ಅಡಿಕೆ ದರ. ಎರಡೂ ಎಡಗಡೆ ಕೆಳಗಿನಿಂದ ಹೊರಟು ಬಲಗಡೆ ಮೇಲಕ್ಕೆ ಏರಿದ್ದವು. ಕೆಳಗಿದ್ದ ಬರಹದ ಸಾರ ಇಷ್ಟು: ಅಡಿಕೆ ಮತ್ತು ಬಂಗಾರ ಅಣ್ಣತಮ್ಮಂದಿರಿದ್ದಂತೆ, ಈಗ ಬಂಗಾರ ಮುಂದೆ ಹೋಗಿದೆ, ಅಡಿಕೆ ಹಿಂದೆ ಬರಲೇಬೇಕು, ಯಾರೂ ಮಾರಬೇಡಿ, ಎಲ್ಲ ಬೆಳೆಗಾರರಿಗೂ ಕಳಿಸಿ.

ಸ್ವರ್ಣವಲ್ಲಿ ಹತ್ತಿರ ತೋಟವಿರುವ ನಮ್ಮ ದೊಡ್ಡಪ್ಪ ಅದನ್ನು ನನಗೆ ಕಳಿಸಿ ಫೋನ್ ಮಾಡಿದರು. "ಕೂಸೆ, ಇದು ಖರೇನಾ? ಹಂಗಾದ್ರೆ ಚಾಲಿ ಇನ್ನೊಂದೆರಡು ತಿಂಗ್ಳು ಇಟ್ಕಳ್ಳಲಕ್ಕು."

ಇದು ಸುಮ್ಮನೆ ಕೇಳಿದ ಪ್ರಶ್ನೆ ಅಲ್ಲ. ಉದಾಹರಣೆಗೆ ಒಂದು ಲೆಕ್ಕ ಮಾಡಿ. ಮನೆಯಲ್ಲಿ 10 ಕ್ವಿಂಟಾಲ್ ಚಾಲಿ ಇದೆ, ದರ ಕ್ವಿಂಟಾಲ್‌ಗೆ 40,000 ರೂಪಾಯಿ ಎಂದುಕೊಳ್ಳಿ. ಅಂದರೆ 4 ಲಕ್ಷದ ಮಾಲು. ಅಷ್ಟೇ ಮೊತ್ತದ ಸಾಲ ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಇದ್ದರೆ, ತಿಂಗಳಿಗೆ 4,000 ರೂಪಾಯಿ ಬಡ್ಡಿ. ಎರಡು ತಿಂಗಳು ಕಾದರೆ 8,000. ಅಂದರೆ ಕಾದದ್ದಕ್ಕೆ ನಷ್ಟವಾಗಬಾರದು ಎಂದರೂ ದರ ಕ್ವಿಂಟಾಲ್‌ಗೆ 800 ರೂಪಾಯಿ ಏರಬೇಕು. ಮಳೆಗಾಲದ ತಂಡಿ, ಹುಳ, ತೂಕದ ಕೊರತೆ ಇವೆಲ್ಲ ಬೇರೆ. ಒಂದು ಫಾರ್ವರ್ಡ್ ನಂಬಿ ಕಾಯುವುದಕ್ಕೂ ಬೆಲೆ ಇದೆ.

ಹಾಗಾದರೆ ಆ ಚಿತ್ರ ಸುಳ್ಳಾ? ಗೆರೆಗಳು ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪು. ಎರಡು ದರಗಳು ನಿಜವಾಗಿ ಒಂದಕ್ಕೊಂದು ಕಟ್ಟಿಕೊಂಡಿವೆಯಾ, ಸುಮ್ಮನೆ ಜೊತೆಗೆ ಹೋದಂತೆ ಕಾಣುತ್ತಿವೆಯಾ ಎಂದು ಪರೀಕ್ಷಿಸಲು ಅರ್ಥಶಾಸ್ತ್ರದಲ್ಲಿ ಒಂದು ವಿಧಾನವಿದೆ. ಅದರ ಹೆಸರು ಕೋಇಂಟಿಗ್ರೇಶನ್. ಹೆಸರು ದೊಡ್ಡದು, ಒಳಗಿನ ವಿಚಾರ ತೋಟದ ಮನೆಯವರಿಗೆ ಅರ್ಥವಾಗದ್ದೇನಲ್ಲ.

ಜೊತೆಗೆ ಏರಿದ್ದು ಸಾಕ್ಷಿ ಅಲ್ಲವೇ?

ಅಲ್ಲ. ಇದನ್ನು ಸುಮಾರು ನೂರು ವರ್ಷದ ಹಿಂದೆಯೇ ತೋರಿಸಿಕೊಟ್ಟವರು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್. 1926ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರು. ಒಂದು, ಇಂಗ್ಲೆಂಡಿನ ಒಟ್ಟು ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡಿನಲ್ಲಿ ನಡೆದ ಮದುವೆಗಳ ಪಾಲು. ಇನ್ನೊಂದು, ಅಲ್ಲಿನ ಮರಣ ಪ್ರಮಾಣ. 1866ರಿಂದ 1911ರವರೆಗೆ ಎರಡೂ ಜೊತೆಜೊತೆಗೆ ಇಳಿದಿದ್ದವು. ಅವುಗಳ ಸಹಸಂಬಂಧ 0.95. ಪೂರ್ತಿ ಹೊಂದಿಕೆ ಅಂದರೆ 1, ಹಾಗಾಗಿ 0.95 ಬಹಳ ದೊಡ್ಡ ಸಂಖ್ಯೆ. ಹಾಗೆಂದು ಚರ್ಚಿನಲ್ಲಿ ಮದುವೆ ಆಗುವುದು ಕಡಿಮೆಯಾದ್ದರಿಂದ ಜನ ಹೆಚ್ಚು ಕಾಲ ಬದುಕಿದರು ಎನ್ನಲು ಆಗುತ್ತದೆಯೇ? ಕಾಲ ಬದಲಾಯಿತು, ಎರಡೂ ತಮ್ಮ ತಮ್ಮ ಕಾರಣಕ್ಕೆ ಇಳಿದವು, ಅಷ್ಟೇ.

1974ರಲ್ಲಿ ಕ್ಲೈವ್ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್ ಎಂಬ ಇಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡೆರಡು ಸರಣಿಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಆ ಕಾಲದಲ್ಲಿ ಎಲ್ಲರೂ ಬಳಸುತ್ತಿದ್ದ ಮಾಮೂಲಿ ಪರೀಕ್ಷೆಗೆ ಒಡ್ಡಿದರು. ನಾಲ್ಕರಲ್ಲಿ ಸುಮಾರು ಮೂರು ಸಲ "ಇವೆರಡಕ್ಕೂ ಗಟ್ಟಿ ಸಂಬಂಧ ಇದೆ" ಎಂದೇ ಪರೀಕ್ಷೆ ಹೇಳಿತು! ಸಂಬಂಧ ಇಲ್ಲ ಎಂದು ಗೊತ್ತಿದ್ದೇ ತಯಾರಿಸಿದ ಅಂಕಿಗಳು ಅವು. ವಾಟ್ಸ್‌ಆ್ಯಪ್ ಚಿತ್ರ ಬಿಡಿ, ಓದಿದವರ ಲೆಕ್ಕವೂ ಹೀಗೆ ಮೋಸ ಹೋಗುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಇದನ್ನು ನಂಬಲು ನನ್ನ ಮಾತು ಬೇಡ. ಇಬ್ಬರು ಕೂತು ಒಂದೊಂದು ನಾಣ್ಯ ಹಿಡಿಯಿರಿ. ಇಬ್ಬರೂ 100ರಿಂದ ಶುರು ಮಾಡಿ. ಹೆಡ್ಸ್ ಬಿದ್ದರೆ 1 ಕೂಡಿಸಿ, ಟೇಲ್ಸ್ ಬಿದ್ದರೆ 1 ಕಳೆಯಿರಿ. 50 ಸಲ ಚಿಮ್ಮಿ, ಪ್ರತಿ ಸಲದ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಇಬ್ಬರ ಸಂಖ್ಯೆಗಳನ್ನೂ ಒಂದೇ ಕಾಗದದಲ್ಲಿ ಗೆರೆಯಾಗಿ ಎಳೆಯಿರಿ.

ಎಷ್ಟೋ ಸಲ ಎರಡು ಗೆರೆ ಒಟ್ಟಿಗೆ ಏರಿದಂತೆಯೋ, ಒಟ್ಟಿಗೆ ಇಳಿದಂತೆಯೋ, ಅಥವಾ ಒಂದು ಏರಿದಾಗ ಇನ್ನೊಂದು ಬೇಕೆಂದೇ ಇಳಿದಂತೆಯೋ ಕಾಣುತ್ತವೆ. ನಿಮ್ಮ ನಾಣ್ಯಕ್ಕೆ ಪಕ್ಕದವರ ನಾಣ್ಯದ ಸುದ್ದಿಯೇ ಗೊತ್ತಿಲ್ಲ, ಆದರೂ ಹೀಗೆ.

ಇದಕ್ಕೆ ಕಾರಣ ಇದೆ. ಇಂಥ ಸರಣಿಯಲ್ಲಿ ಇವತ್ತಿನ ಸಂಖ್ಯೆ ಅಂದರೆ ನಿನ್ನೆಯ ಸಂಖ್ಯೆ ಮತ್ತು ಒಂದು ಹೊಸ ತಳ್ಳು. ಹಳೆಯ ತಳ್ಳುಗಳೆಲ್ಲ ಒಳಗೇ ಉಳಿದುಕೊಳ್ಳುತ್ತವೆ. ಹಾಗಾಗಿ ಅದು ಒಂದು ಕಡೆ ಹೊರಟರೆ ಬಹಳ ಹೊತ್ತು ಅತ್ತಲೇ ಇರುತ್ತದೆ, ಮೊದಲಿದ್ದ ಜಾಗಕ್ಕೆ ಮರಳಬೇಕು ಎಂಬ ನಿಯಮ ಅದಕ್ಕಿಲ್ಲ. ಇದನ್ನು "ಗುರಿಯಿಲ್ಲದ ನಡಿಗೆ" ಅನ್ನೋಣ. ಅಡಿಕೆ ದರ, ಬಂಗಾರದ ದರ, ಷೇರು, ಡಾಲರಿನ ಬೆಲೆ ಹೆಚ್ಚುಕಡಿಮೆ ಇದೇ ಜಾತಿಯವು. ಗುರಿಯಿಲ್ಲದೆ ನಡೆಯುವ ಇಬ್ಬರನ್ನು ದೂರದಿಂದ ನೋಡಿದರೆ ಸ್ವಲ್ಪ ದೂರ ಜೊತೆಗೆ ಹೋಗುತ್ತಿದ್ದಾರೆ ಅನ್ನಿಸುವುದು ಸಹಜ.

ಹಾಗಾದರೆ ನಿಜವಾದ ನಂಟನ್ನು ಗುರುತಿಸುವುದು ಹೇಗೆ?

ಬೆಟ್ಟಕ್ಕೆ ಮೇಯಲು ಬಿಟ್ಟ ಹಸು ಮತ್ತು ಅದರ ಕರುವನ್ನು ನೆನಪಿಸಿಕೊಳ್ಳಿ. ಹಸು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಹೇಳಲು ಆಗದು. ಹುಲ್ಲು ಕಂಡತ್ತ ಹೋಗುತ್ತದೆ. ಕರುವೂ ತನ್ನಷ್ಟಕ್ಕೆ ಜಿಗಿಯುತ್ತಾ ಹೋಗುತ್ತದೆ. ಆದರೆ ಕರು ತುಂಬ ದೂರ ಹೋದರೆ ಹಸು ಕೂಗುತ್ತದೆ, ಕರು ತಿರುಗುತ್ತದೆ. ಹಸು ದೂರವಾದರೆ ಕೊರಳ ಗಂಟೆ ಕೇಳಿದತ್ತ ಕರು ಓಡುತ್ತದೆ. ಸಂಜೆಗೆ ಎರಡೂ ಎಲ್ಲಿ ಸಿಗುತ್ತವೆ ಎಂದು ನಿಮಗೆ ಗೊತ್ತಿಲ್ಲ. ಆದರೆ ಹಸು ಸಿಕ್ಕಿದರೆ ಕರು ಹತ್ತಿರದಲ್ಲೇ ಇರುತ್ತದೆ ಎಂಬುದು ಗೊತ್ತು.

ಅದೇ ಬೆಟ್ಟದಲ್ಲಿ ಪಕ್ಕದ ಮನೆಯ ಎಮ್ಮೆಯೂ ಮೇಯುತ್ತಿದೆ. ಒಂದು ದಿನ ನಿಮ್ಮ ಹಸು ಹೋದ ದಿಕ್ಕಿಗೇ ಅದೂ ಹೋಗಿರಬಹುದು. ಆದರೆ ಅವೆರಡರ ನಡುವೆ ಕೂಗಿ ಕರೆಯುವ ನಂಟಿಲ್ಲ. ಎಮ್ಮೆ ದೂರ ಹೋದರೆ ಹೋಯಿತು.

ಕೋಇಂಟಿಗ್ರೇಶನ್ ಅಂದರೆ ಹಸು–ಕರುವಿನ ನಂಟು. ಎರಡೂ ಸರಣಿಗಳು ಒಂಟಿಯಾಗಿ ನೋಡಿದರೆ ಗುರಿಯಿಲ್ಲದೆ ಅಲೆಯುತ್ತವೆ, ಆದರೆ ಅವುಗಳ ನಡುವಿನ ಅಂತರ ಅಲೆಯುವುದಿಲ್ಲ. ಅಂತರ ಹಿಗ್ಗಿದರೆ ಏನೋ ಒಂದು ಶಕ್ತಿ ಅದನ್ನು ಮತ್ತೆ ಮಾಮೂಲಿಗೆ ಎಳೆಯುತ್ತದೆ. ಅಂತರ ಸೊನ್ನೆಯೇ ಆಗಬೇಕಿಲ್ಲ. ತನ್ನ ಮಾಮೂಲಿ ಅಳತೆಗೆ ಮರಳಿದರೆ ಸಾಕು.

ಈ ವಿಚಾರ ಹುಟ್ಟಿದ ಕಥೆಯೂ ಚೆನ್ನಾಗಿದೆ. ಅಲೆಯುವ ಎರಡು ಸರಣಿಗಳ ಅಂತರ ಅಲೆಯದೆ ಇರಬಹುದು ಎಂದು ಡೇವಿಡ್ ಹೆಂಡ್ರಿ ಎಂಬ ಅರ್ಥಶಾಸ್ತ್ರಜ್ಞ ಹೇಳಿದಾಗ ಗ್ರೇಂಜರ್ ಒಪ್ಪಲಿಲ್ಲ. ಅದು ತಪ್ಪು ಎಂದು ಸಾಧಿಸಲು ಕೂತರು. ಲೆಕ್ಕ ಮುಗಿಯುವ ಹೊತ್ತಿಗೆ ಹೆಂಡ್ರಿ ಹೇಳಿದ್ದೇ ಸರಿ ಎಂದು ತಾನೇ ಸಾಧಿಸಿದ್ದರು! ಇದನ್ನು ಗ್ರೇಂಜರ್ ಅವರೇ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಹೇಳಿಕೊಂಡಿದ್ದಾರೆ. 1987ರಲ್ಲಿ ಗ್ರೇಂಜರ್ ಮತ್ತು ರಾಬರ್ಟ್ ಎಂಗಲ್ ಸೇರಿ ಇದನ್ನು ಪರೀಕ್ಷಿಸುವ ಕ್ರಮವನ್ನು ಪ್ರಕಟಿಸಿದರು. 2003ರ ಅರ್ಥಶಾಸ್ತ್ರದ ನೊಬೆಲ್ ಈ ಇಬ್ಬರಿಗೂ ಬಂತು. ಗ್ರೇಂಜರ್ ಅವರಿಗೆ ಸಿಕ್ಕಿದ್ದು ಕೋಇಂಟಿಗ್ರೇಶನ್ನಿಗಾಗಿಯೇ.

ಶಿರಸಿ ಮತ್ತು ಶಿವಮೊಗ್ಗ: ಇಲ್ಲಿ ಹಗ್ಗ ಕಣ್ಣಿಗೆ ಕಾಣುತ್ತದೆ

ಈಗ ನಮ್ಮ ಮಾರುಕಟ್ಟೆಗೆ ಬನ್ನಿ. ಶಿರಸಿಯ ರಾಶಿ ಅಡಿಕೆ ದರ ಮತ್ತು ಶಿವಮೊಗ್ಗ ಅಥವಾ ಸಾಗರದ ರಾಶಿ ದರ. ಇವೆರಡೂ ವರ್ಷಗಟ್ಟಲೆ ಜೊತೆಗೆ ಏರಿ ಇಳಿದಿವೆ. ಇಲ್ಲಿ ನಂಟಿದೆ ಎನ್ನಲು ಗೆರೆಗಳಷ್ಟೇ ಅಲ್ಲ, ಕಾರಣವೂ ಇದೆ. ಅದು ಲಾರಿ.

ಶಿರಸಿಯಿಂದ ಸಿದ್ದಾಪುರ ದಾಟಿದರೆ ಸಾಗರ, ಅಲ್ಲಿಂದ ಮುಂದೆ ಶಿವಮೊಗ್ಗ. ಒಂದು ಕ್ವಿಂಟಾಲ್ ಮಾಲನ್ನು ಇಲ್ಲಿಂದ ಅಲ್ಲಿಗೆ ಸಾಗಿಸಲು ಬಾಡಿಗೆ, ಹಮಾಲಿ, ಚೀಲ ಎಲ್ಲ ಸೇರಿ 500 ರೂಪಾಯಿ ಬೀಳುತ್ತದೆ ಎಂದುಕೊಳ್ಳಿ (ಇದು ಲೆಕ್ಕಕ್ಕಾಗಿ ಇಟ್ಟ ಸಂಖ್ಯೆ). ಒಂದೇ ಗುಣಮಟ್ಟದ ರಾಶಿಗೆ ಅಲ್ಲಿ 2,000 ರೂಪಾಯಿ ಹೆಚ್ಚು ಸಿಗುತ್ತಿದ್ದರೆ ವ್ಯಾಪಾರಿ ಸುಮ್ಮನೆ ಕೂರುವುದಿಲ್ಲ. ಇಲ್ಲಿ ಕೊಂಡು ಅಲ್ಲಿಗೆ ಒಯ್ಯುತ್ತಾನೆ. ಇಲ್ಲಿ ಬೇಡಿಕೆ ಹೆಚ್ಚಿ ದರ ಏರುತ್ತದೆ, ಅಲ್ಲಿ ಮಾಲು ಹೆಚ್ಚಿ ದರ ತಗ್ಗುತ್ತದೆ. ಅಂತರ ಕುಗ್ಗುತ್ತದೆ. ಹಸುವಿನ ಕೂಗು ಅಂದೆನಲ್ಲ, ಇಲ್ಲಿ ಅದು ವ್ಯಾಪಾರಿಯ ಫೋನು.

ಅಂತರ ಸೊನ್ನೆ ಆಗುವುದಿಲ್ಲ, ಆಗಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ ತನ್ನದೇ ಗುಣವಿದೆ. "ಶಿರಸಿ ಸುಪಾರಿ"ಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು ಆ ಕಾರಣಕ್ಕೇ. ಗುಣ ಬೇರೆ, ಒಣಗಿಸುವ ರೀತಿ ಬೇರೆ, ಗ್ರೇಡ್ ಮಾಡುವ ಕ್ರಮ ಬೇರೆ. ಹಾಗಾಗಿ ದರದಲ್ಲಿ ಒಂದಿಷ್ಟು ಮಾಮೂಲಿ ವ್ಯತ್ಯಾಸ ಇದ್ದೇ ಇರುತ್ತದೆ. ಆ ಮಾಮೂಲಿ ವ್ಯತ್ಯಾಸದಿಂದ ಎಷ್ಟು ದೂರ ಸರಿದಿದೆ, ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದೇ ಪ್ರಶ್ನೆ.

ಇನ್ನೊಂದು ಹಗ್ಗ ನಮ್ಮ ಅಂಗಳದಲ್ಲೇ ಇದೆ: ರಾಶಿ ಮತ್ತು ಚಾಲಿ. ಎರಡೂ ಒಂದೇ ಮರದ ಫಸಲು. ಹಸಿರಿದ್ದಾಗಲೇ ಕೊನೆ ಇಳಿಸಿ, ಸುಲಿದು, ಚೊಗರಿನಲ್ಲಿ ಬೇಯಿಸಿ ಒಣಗಿಸಿದರೆ ರಾಶಿ. ಹಣ್ಣಾಗಲು ಬಿಟ್ಟು, ಸಿಪ್ಪೆಸಮೇತ ತಿಂಗಳಿಗೂ ಹೆಚ್ಚು ಕಾಲ ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಒಂದು ವರ್ಷ ಕೆಂಪಡಿಕೆ ದರ ತುಂಬ ಮೇಲಿದ್ದರೆ ಮುಂದಿನ ವರ್ಷ ಹೆಚ್ಚು ಜನ ಬೇಯಿಸುತ್ತಾರೆ, ಚಾಲಿ ಕಡಿಮೆಯಾಗುತ್ತದೆ. ಕ್ರಮೇಣ ಚಾಲಿ ದರಕ್ಕೆ ಬಲ ಬರುತ್ತದೆ. ಆದರೆ ಈ ಹಗ್ಗ ಲಾರಿಯಷ್ಟು ಚುರುಕಲ್ಲ. ಕೊನೆಗೌಡ ಸಿಗಬೇಕು, ಒಲೆ-ಹಂಡೆ ಬೇಕು, ಬೇಯಿಸಲು ಜನ ಬೇಕು. ನಿರ್ಧಾರ ಬದಲಾಗಲು ಒಂದು ಹಂಗಾಮು ಬೇಕು. ನಂಟಿದ್ದರೂ ಅದು ನಿಧಾನದ ನಂಟು.

ಪರೀಕ್ಷೆ ಮಾಡುವುದು ಹೇಗೆ?

ಸಂಶೋಧಕರು ಮಾಡುವ ಕೆಲಸವನ್ನು ಮೂರು ಹೆಜ್ಜೆಯಲ್ಲಿ ಹೇಳಬಹುದು.

ಮೊದಲನೆಯದು, ಪ್ರತಿ ದರವೂ ನಿಜವಾಗಿ ಅಲೆಯುವ ಜಾತಿಯದೇ ಎಂದು ನೋಡುವುದು. ಇದಕ್ಕೆ ಡಿಕ್ಕಿ–ಫುಲ್ಲರ್ ಎಂಬ ಪರೀಕ್ಷೆ ಇದೆ. ಒಂದು ಸರಣಿ ತಾನೇ ತಾನಾಗಿ ಒಂದು ಮಟ್ಟಕ್ಕೆ ಮರಳುತ್ತದೆಯೋ ಇಲ್ಲವೋ ಎಂದು ಅದು ಹೇಳುತ್ತದೆ.

ಎರಡನೆಯದು, ಎರಡು ದರಗಳ ನಡುವಿನ ಮಾಮೂಲಿ ಸಂಬಂಧ ಲೆಕ್ಕಹಾಕಿ, ಪ್ರತಿ ವಾರ ಅಥವಾ ತಿಂಗಳು ಆ ಸಂಬಂಧದಿಂದ ಎಷ್ಟು ಆಚೀಚೆ ಆಗಿದೆ ಎಂದು ಬರೆಯುವುದು. ಈ "ಆಚೀಚೆ"ಯ ಸರಣಿ ಅಲೆಯುತ್ತಿದೆಯೋ, ಮತ್ತೆ ಮತ್ತೆ ಸೊನ್ನೆಯತ್ತ ಬರುತ್ತಿದೆಯೋ? ಬರುತ್ತಿದ್ದರೆ ನಂಟಿದೆ. ಅದೂ ಅಲೆಯುತ್ತಾ ದೂರ ಹೋಗುತ್ತಿದ್ದರೆ ಆ ಎರಡು ಗೆರೆಗಳ ಜೊತೆಯಾಟ ಕಣ್ಣಿನ ಭ್ರಮೆ.

ಮೂರನೆಯದು, ಅಂತರ ಮುಚ್ಚುವ ವೇಗ ಮತ್ತು ಮುಚ್ಚುವವರು ಯಾರು ಎಂದು ನೋಡುವುದು. ಉದಾಹರಣೆಗೆ, ಅಂತರ ಮಾಮೂಲಿಗಿಂತ 1,000 ರೂಪಾಯಿ ಹೆಚ್ಚಾಗಿದೆ, ವಾರಕ್ಕೆ ಐದನೇ ಒಂದು ಭಾಗ ಮುಚ್ಚುತ್ತದೆ ಎಂದುಕೊಳ್ಳಿ. ಮೊದಲ ವಾರದ ಕೊನೆಗೆ 800, ಎರಡನೇ ವಾರಕ್ಕೆ 640, ಮೂರನೇ ವಾರಕ್ಕೆ 512. ಅಂದರೆ ಸುಮಾರು ಮೂರು ವಾರದಲ್ಲಿ ಅರ್ಧ ಅಂತರ ಮುಚ್ಚಿತು. ಯಾವ ಮಾರುಕಟ್ಟೆ ತನ್ನ ದರ ಬದಲಿಸಿಕೊಂಡು ಇನ್ನೊಂದರತ್ತ ಹೋಗುತ್ತದೋ ಅದು ಹಿಂಬಾಲಿಸುವ ಮಾರುಕಟ್ಟೆ. ಬದಲಾಗದೆ ನಿಲ್ಲುವುದು ಮುಂದಾಳು.

ಎರಡಕ್ಕಿಂತ ಹೆಚ್ಚು ಮಾರುಕಟ್ಟೆ ಇದ್ದರೆ ಡೆನ್ಮಾರ್ಕಿನ ಸೋರೆನ್ ಯೊಹಾನ್ಸೆನ್ 1988ರಲ್ಲಿ ಕೊಟ್ಟ ವಿಧಾನ ಬಳಸುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ ಐದನ್ನೂ ಒಟ್ಟಿಗೆ ಇಟ್ಟು, ಅವುಗಳ ನಡುವೆ ಎಷ್ಟು ಹಗ್ಗಗಳಿವೆ ಎಂದು ಎಣಿಸಬಹುದು. ಐದಕ್ಕೂ ಇರುವುದು ಒಂದೇ ಮೂಲ ಅಲೆದಾಟವಾದರೆ ನಾಲ್ಕು ಹಗ್ಗ ಸಿಗಬೇಕು. ಅಡಿಕೆ, ಈರುಳ್ಳಿ, ಮೆಣಸು ಹೀಗೆ ನಮ್ಮ ದೇಶದ ಹಲವು ಬೆಳೆಗಳ ಮಾರುಕಟ್ಟೆಗಳು ಒಂದಕ್ಕೊಂದು ಎಷ್ಟು ಬೆಸೆದುಕೊಂಡಿವೆ ಎಂದು ಕೃಷಿ ಅರ್ಥಶಾಸ್ತ್ರಜ್ಞರು ನೋಡುವುದು ಹೆಚ್ಚಾಗಿ ಇದೇ ವಿಧಾನದಿಂದ.

ಈಗ ಬಂಗಾರಕ್ಕೆ ಬರೋಣ

ಅಡಿಕೆ ಮತ್ತು ಬಂಗಾರದ ನಡುವೆ ಲಾರಿ ಯಾವುದು? ಅಡಿಕೆ ಅಗ್ಗವಾಯಿತು ಎಂದು ಯಾರೂ ಬಂಗಾರ ಕರಗಿಸಿ ಅಡಿಕೆ ಮಾಡುವುದಿಲ್ಲ. ಬಂಗಾರದ ದರ ನಿಂತಿರುವುದು ವಿದೇಶಿ ಮಾರುಕಟ್ಟೆ, ಡಾಲರ್–ರೂಪಾಯಿ ವಿನಿಮಯ, ಆಮದು ಸುಂಕ ಇವುಗಳ ಮೇಲೆ. 2024ರ ಜುಲೈ ಬಜೆಟ್‌ನಲ್ಲಿ ಬಂಗಾರದ ಆಮದು ಸುಂಕವನ್ನು ಶೇ 15ರಿಂದ 6ಕ್ಕೆ ಇಳಿಸಿದಾಗ ಇಲ್ಲಿನ ಬಂಗಾರದ ದರ ಕೂಡಲೇ ಇಳಿಯಿತು. ಆ ಸುಂಕಕ್ಕೂ ಪಾನ್ ಮಸಾಲಾ ಕಂಪನಿಯ ಅಡಿಕೆ ಖರೀದಿಗೂ ಏನು ಸಂಬಂಧ?

ಇತಿಹಾಸವನ್ನೇ ನೋಡಿ. 2012ರಲ್ಲಿ 10 ಗ್ರಾಂ ಬಂಗಾರಕ್ಕೆ ಸುಮಾರು 31 ಸಾವಿರ ಇತ್ತು. 2014ಕ್ಕೆ ಸುಮಾರು 28 ಸಾವಿರ, 2015ಕ್ಕೆ ಸುಮಾರು 26 ಸಾವಿರ. ಮೂರು ವರ್ಷ ಇಳಿಮುಖ. ಅದೇ 2014ರಲ್ಲಿ ಕೆಂಪಡಿಕೆ ದರ ಅಲ್ಲಿಯವರೆಗೆ ಯಾರೂ ಕಾಣದ ಎತ್ತರಕ್ಕೆ ಹಾರಿತು. ಮರುವರ್ಷ ಅದರ ಅರ್ಧಕ್ಕೂ ಕೆಳಗೆ ಬಿತ್ತು. ಬಂಗಾರ ಇಳಿಯುತ್ತಿದ್ದಾಗ ಅಡಿಕೆ ಏರಿತು, ಆಮೇಲೆ ತನ್ನ ಪಾಡಿಗೆ ತಾನು ಬಿತ್ತು. 2025ರಲ್ಲಿ 10 ಗ್ರಾಂ ಬಂಗಾರ 1 ಲಕ್ಷ ದಾಟಿತು. 2014ಕ್ಕೆ ಹೋಲಿಸಿದರೆ ಮೂರು ಪಟ್ಟಿಗೂ ಹೆಚ್ಚು. 2014ರ ಶಿಖರದ ಮೂರು ಪಟ್ಟು ದರ ಅಡಿಕೆಗೆ ಬಂದಿಲ್ಲ ಎಂಬುದು ತೋಟ ಇರುವ ಎಲ್ಲರಿಗೂ ಗೊತ್ತು.

ಹಾಗಾದರೆ ಚಿತ್ರದಲ್ಲಿ ಎರಡು ಗೆರೆ ಯಾಕೆ ಜೊತೆಗೆ ಏರಿದ್ದವು? ಇಪ್ಪತ್ತು ವರ್ಷದ ಚಿತ್ರದಲ್ಲಿ ರೂಪಾಯಿಯಲ್ಲಿ ಅಳೆಯುವ ಹೆಚ್ಚಿನ ವಸ್ತುಗಳೂ ಏರುತ್ತವೆ. ಹಾಲು, ಗೊಬ್ಬರ, ಬಸ್ ಟಿಕೆಟ್, ಆಳಿನ ಕೂಲಿ ಯಾವುದನ್ನು ಬೇಕಾದರೂ ಬಂಗಾರದ ಪಕ್ಕ ಇಟ್ಟು "ಅಣ್ಣತಮ್ಮ" ಅನ್ನಬಹುದು. ರೂಪಾಯಿಯ ಬೆಲೆ ಇಳಿದದ್ದು ಎಲ್ಲವನ್ನೂ ಮೇಲಕ್ಕೆ ತಳ್ಳಿದೆ. ಒಂದೇ ಗಾಳಿಗೆ ಎರಡು ಮರ ಬಾಗಿದ ಮಾತ್ರಕ್ಕೆ ಅವೆರಡನ್ನೂ ಹಗ್ಗದಿಂದ ಕಟ್ಟಿದೆ ಎನ್ನಲಾಗದು. ಇನ್ನು, ಚಿತ್ರದ ಎಡಬದಿಗೆ ಒಂದು ಅಳತೆ, ಬಲಬದಿಗೆ ಇನ್ನೊಂದು ಅಳತೆ ಇಟ್ಟರೆ ಯಾವ ಎರಡು ಗೆರೆಯನ್ನಾದರೂ ಒಂದರ ಮೇಲೊಂದು ಕೂರಿಸಬಹುದು. ಆ ಫಾರ್ವರ್ಡ್ ಮಾಡಿದ್ದೂ ಅದನ್ನೇ.

ಒಂದು ವೇಳೆ ಹತ್ತಾರು ವರ್ಷದ ಅಳತೆಯಲ್ಲಿ ಎರಡಕ್ಕೂ ಏನೋ ತೆಳ್ಳಗಿನ ನಂಟಿದೆ ಎಂದೇ ಇಟ್ಟುಕೊಳ್ಳಿ. ಅಂತರ ಮುಚ್ಚಲು ಹತ್ತು ವರ್ಷ ಹಿಡಿಯುವ ನಂಟು ಎರಡು ತಿಂಗಳ ಬಡ್ಡಿ ಕಟ್ಟುವವರಿಗೆ ಏನು ಸಹಾಯ ಮಾಡುತ್ತದೆ?

ಹಗ್ಗ ಇದ್ದರೆ ದರ ಏರುತ್ತದೆ ಎಂದು ಅರ್ಥವೇ?

ಇಲ್ಲ. ಇಲ್ಲೇ ಹೆಚ್ಚು ಜನ ಎಡವುವುದು. ಕೋಇಂಟಿಗ್ರೇಶನ್ ಅಂತರದ ಬಗ್ಗೆ ಹೇಳುತ್ತದೆ, ದಿಕ್ಕಿನ ಬಗ್ಗೆ ಅಲ್ಲ. ಶಿವಮೊಗ್ಗದ ದರ ಶಿರಸಿಗಿಂತ ಮಾಮೂಲಿಗಿಂತ ಹೆಚ್ಚು ಮೇಲಿದ್ದರೆ ಆ ಅಂತರ ಕುಗ್ಗುತ್ತದೆ ಎಂದು ನಿರೀಕ್ಷಿಸಬಹುದು. ಆದರೆ ಶಿರಸಿ ಏರಿ ಕುಗ್ಗುತ್ತದೋ, ಶಿವಮೊಗ್ಗ ಇಳಿದು ಕುಗ್ಗುತ್ತದೋ? ಎರಡೂ ಸಾಧ್ಯ. ಹಸು ಹಳ್ಳಕ್ಕೆ ಇಳಿದರೆ ಕರುವೂ ಇಳಿಯುತ್ತದೆ.

ಜೊತೆಗೆ ಹಗ್ಗವೇ ಕೆಲವೊಮ್ಮೆ ತುಂಡಾಗುತ್ತದೆ ಅಥವಾ ಉದ್ದ ಬದಲಾಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ವ್ಯಾಪಾರವೂ ಲಾರಿಯೂ ನಿಂತಾಗ ದರ ಹೋಲಿಸುವುದಕ್ಕೇ ಅರ್ಥ ಇರಲಿಲ್ಲ. ಸರ್ಕಾರದ ನಿಯಮಗಳೂ ಹೀಗೆಯೇ. ವಿದೇಶಿ ಅಡಿಕೆಗೆ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಅದಕ್ಕೂ ಮೊದಲು, 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಕೇಂದ್ರ ಅನುಮತಿ ಕೊಟ್ಟಿತ್ತು. ಇಂಥ ತಿರುವುಗಳ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಒಂದೇ ರಾಶಿ ಹಾಕಿ ಲೆಕ್ಕ ಮಾಡಿದರೆ ಪರೀಕ್ಷೆ ದಾರಿ ತಪ್ಪುತ್ತದೆ. ಸಂಶೋಧಕರು ಅದಕ್ಕೇ ತಿರುವುಗಳನ್ನು ಗುರುತಿಸಿ ಬೇರೆ ಬೇರೆಯಾಗಿ ನೋಡುತ್ತಾರೆ.

"ನಿಷೇಧ ಬಂದರೆ ದರ ಬೀಳುತ್ತದೆ" ಎಂಬ ಸರಳ ಸೂತ್ರವೂ ಸೋತಿದೆ. ಕರ್ನಾಟಕ 2013ರ ಮೇ ತಿಂಗಳ ಕೊನೆಗೆ ಗುಟ್ಕಾ ನಿಷೇಧಿಸಿತು. ಅಡಿಕೆ ಕಥೆ ಮುಗಿಯಿತು ಎಂದು ಆಗ ಎಷ್ಟೋ ಜನ ಅಂದುಕೊಂಡರು. ಮರುವರ್ಷವೇ ಆ ದಾಖಲೆ ದರ ಬಂತು. ಒಂದೇ ಕಾರಣಕ್ಕೆ ಏರುವ ಇಳಿಯುವ ದರ ಅಲ್ಲ ಇದು.

ಮಾರುಕಟ್ಟೆ ದರದ ಫಾರ್ವರ್ಡ್ ಬಂದಾಗ ಏನು ನೋಡಬೇಕು?

ಪರೀಕ್ಷೆಯ ಗಣಿತ ಗೊತ್ತಿಲ್ಲದಿದ್ದರೂ ಈ ಐದು ಪ್ರಶ್ನೆ ಕೇಳಿಕೊಳ್ಳಬಹುದು.

1. ಹಗ್ಗ ಯಾವುದು? ಒಂದು ದರ ದೂರ ಹೋದರೆ ಮತ್ತೆ ಎಳೆದು ತರುವವರು ಯಾರು, ಹೇಗೆ? ಉತ್ತರ ಇಲ್ಲದಿದ್ದರೆ ನಂಟೂ ಇಲ್ಲ ಎಂದೇ ಹಿಡಿಯಿರಿ.

2. ಮಟ್ಟ ಬಿಟ್ಟು ಬದಲಾವಣೆ ನೋಡಿ. "ಎರಡೂ ಮೇಲಿವೆ" ಎನ್ನುವುದು ಸಾಕಾಗದು. ಬಂಗಾರ ಏರಿದ ತಿಂಗಳುಗಳಲ್ಲಿ ಅಡಿಕೆ ಎಷ್ಟು ಸಲ ಏರಿದೆ, ಎಷ್ಟು ಸಲ ಇಳಿದಿದೆ ಎಂದು ಎಣಿಸಿ. ಅರ್ಧಕ್ಕರ್ಧ ಇದ್ದರೆ ನಾಣ್ಯ ಚಿಮ್ಮಿದ ಹಾಗೇ.

3. ಒಂದರ ಪಕ್ಕ ಒಂದು ಇಟ್ಟದ್ದು ಒಂದೇ ಜಾತಿಯ ದರವೇ? ಒಂದು ಊರಿನ ಗರಿಷ್ಠ ದರವನ್ನು ಇನ್ನೊಂದು ಊರಿನ ಕನಿಷ್ಠ ದರದ ಜೊತೆ ಇಟ್ಟು "ನಮಗೆ ಮೋಸ" ಎನ್ನುವ ಸ್ಕ್ರೀನ್‌ಶಾಟ್‌ಗಳು ಬಹಳ. ಬೆಟ್ಟೆಯನ್ನು ರಾಶಿಯ ಜೊತೆ, ಬಿಳೆಗೋಟನ್ನು ಚಾಲಿಯ ಜೊತೆ ಹೋಲಿಸುವಂತಿಲ್ಲ. ಗರಿಷ್ಠ ದರ ಒಂದೆರಡು ಉತ್ತಮ ಲಾಟಿಗೆ ಸಿಕ್ಕಿದ್ದಿರಬಹುದು. ಹೆಚ್ಚಿನ ಮಾಲು ಮಾರಾಟವಾದ ಮಾದರಿ ದರವನ್ನು ನೋಡಿ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಮಾರುಕಟ್ಟೆವಾರು ದರ ಸಿಗುತ್ತದೆ. ಶಿರಸಿಯಲ್ಲಿ 1923ರಲ್ಲಿ ಹುಟ್ಟಿದ ತೋಟಗಾರ್ಸ್ ಸೊಸೈಟಿಯಂಥ ಸಹಕಾರಿ ಸಂಘಗಳ ವ್ಯಾಪಾರದ ದರವೂ ನಿಮಗೆ ಗೊತ್ತಾಗುತ್ತದೆ.

4. ಚಿತ್ರ ಯಾವ ವರ್ಷದಿಂದ ಶುರುವಾಗಿದೆ, ಎಲ್ಲಿ ನಿಂತಿದೆ? ಅನುಕೂಲದ ತುಂಡನ್ನು ಮಾತ್ರ ಕತ್ತರಿಸಿ ಕೊಟ್ಟಿರಬಹುದು. 2012ರಿಂದ 2015 ಆ ಚಿತ್ರದಲ್ಲಿ ಇದ್ದಿದ್ದರೆ ದೊಡ್ಡಪ್ಪನಿಗೆ ನನ್ನ ಸಹಾಯ ಬೇಕಿರಲಿಲ್ಲ.

5. ತಪ್ಪಾದರೆ ನಷ್ಟ ಯಾರಿಗೆ? ಫಾರ್ವರ್ಡ್ ಬರೆದವರಿಗೆ ನಿಮ್ಮ ಸಾಲದ ಬಡ್ಡಿ ಗೊತ್ತಿಲ್ಲ. ಕಾಯಲು ತಿಂಗಳಿಗೆ ಎಷ್ಟು ಖರ್ಚು ಎಂಬ ಲೆಕ್ಕ ಮೊದಲು ಮಾಡಿ, ಆಮೇಲೆ ಚಿತ್ರ ನೋಡಿ.

ಕೊನೆಗೆ ಏನಾಯಿತು?

ಇಷ್ಟನ್ನೂ ನಾನು ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಲಿಲ್ಲ. ಬಂಗಾರಕ್ಕೂ ಅಡಿಕೆಗೂ ಹಗ್ಗ ಇಲ್ಲ, 2014ನ್ನು ನೆನಪು ಮಾಡಿಕೊಳ್ಳಿ ಎಂದೆ. ದರ ಏರುತ್ತದೋ ಇಳಿಯುತ್ತದೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ವರ್ಷ ದರ ಇನ್ನೂ ಏರುತ್ತದೆ ಎಂದು ಇಟ್ಟುಕೊಂಡು ಕೂತದ್ದನ್ನು ತಾವೇ ಹೇಳಿದರು. ಸೊಸೈಟಿ ಸಾಲಕ್ಕೆ ಬೇಕಾದಷ್ಟು ಚಾಲಿಯನ್ನು ಆ ವಾರ ಮಾರಿದರು, ಉಳಿದದ್ದನ್ನು ಇಟ್ಟುಕೊಂಡರು. ಅದು ಚಿತ್ರ ನೋಡಿ ಮಾಡಿದ ನಿರ್ಧಾರ ಅಲ್ಲ, ತಮ್ಮ ಲೆಕ್ಕದ ಮೇಲೆ ಮಾಡಿದ ನಿರ್ಧಾರ. ಇಟ್ಟುಕೊಂಡ ಅರ್ಧದ ದರ ಏರಿದರೂ ಇಳಿದರೂ ಬಡ್ಡಿ ಅವರ ನಿದ್ದೆ ಕೆಡಿಸುವುದಿಲ್ಲ.

ಚುಟುಕಾಗಿ: ಎರಡು ದರಗಳು ಜೊತೆಗೆ ಏರಿದಂತೆ ಕಂಡರೆ ಅವುಗಳ ನಡುವೆ ನಂಟಿದೆ ಎಂದಲ್ಲ. ಅಂತರ ಹಿಗ್ಗಿದಾಗ ಮತ್ತೆ ಮತ್ತೆ ಮಾಮೂಲಿಗೆ ಮರಳುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ, ಅದೇ ಕೋಇಂಟಿಗ್ರೇಶನ್. ಒಂದೇ ಬಗೆಯ ಅಡಿಕೆಗೆ ಅಕ್ಕಪಕ್ಕದ ಮಾರುಕಟ್ಟೆಗಳ ದರದಲ್ಲಿ ಇಂಥ ನಂಟಿರಲು ಕಾರಣವಿದೆ. ಬಂಗಾರಕ್ಕೂ ಅಡಿಕೆಗೂ ಇಲ್ಲ. "ಬಂಗಾರ ಏರಿದೆ, ಅಡಿಕೆ ಮಾರಬೇಡಿ" ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ ಮುಂದೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಹಗ್ಗ ಎಲ್ಲಿದೆ?